ಗುಳಿಗಿ ಐತಿ

ಡಿಸೆಂಬರ್ ಒಂದನೇ ತಾರೀಖು, ವಿಶ್ವ ಏಡ್ಸ್ ದಿನ, ಪದವಿ ಕಾಲೇಜುಗಳಲ್ಲಿ ಹೇಗೆ ಕಳೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ಜಾಥಾ, ವಾಪಸ್ ಬಂದ ಮೇಲೆ ಪ್ರತಿಜ್ಞಾವಿಧಿ, ಆಸ್ಪತ್ರೆಯಿಂದ ಬಂದವರ ಉಪನ್ಯಾಸ, ರಸಪ್ರಶ್ನೆ, ಬಹುಮಾನ, ವಂದನಾರ್ಪಣೆ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಎಚ್‌ಐವಿ ಬಗ್ಗೆ ಅರಿವು ಮೂಡಿಸುವ ರೆಡ್ ರಿಬ್ಬನ್ ಕ್ಲಬ್ಬಿನ ಹೊಣೆ ನನ್ನ ಪಾಲಿಗೆ ಬಂದು ಆರು ವರ್ಷವಾಯಿತು. ಮೊದಲ ನಾಲ್ಕೈದು ವರ್ಷ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದೇನೆಂದೇ ನಂಬಿದ್ದೆ. ಯಾಕೆಂದರೆ ರಸಪ್ರಶ್ನೆಯಲ್ಲಿ ನಮ್ಮ ಮಕ್ಕಳು ತಡವರಿಸುತ್ತಿರಲಿಲ್ಲ. ಹರಡುವ ನಾಲ್ಕು ದಾರಿ ಯಾವುವು ಅಂದರೆ ಸಾಲುಸಾಲಾಗಿ ಕೈಗಳು ಏಳುತ್ತಿದ್ದವು. ಎಚ್‌ಐವಿಗೂ ಏಡ್ಸ್‌ಗೂ ಏನು ವ್ಯತ್ಯಾಸ, ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದೆಯೇ, ಸಹಾಯವಾಣಿಯ ನಂಬರ್ ಎಷ್ಟು, ಎಲ್ಲಕ್ಕೂ ಸರಿಯುತ್ತರ. 1097 ಎಂದು ಹಿಂದಿನ ಬೆಂಚಿನ ಹುಡುಗರೂ ಒಟ್ಟಾಗಿ ಕೂಗುತ್ತಿದ್ದರು. ‘ವಿದ್ಯಾರ್ಥಿಗಳಲ್ಲಿ ಅರಿವು ಉತ್ತಮವಾಗಿದೆ’ ಎಂದು ವರದಿ ಬರೆದು, ಫೋಟೋ ಲಗತ್ತಿಸಿ ಕಳಿಸುತ್ತಿದ್ದೆ. ಅರಿವು ಅಂದರೆ ಏನು ಎಂದು ನನ್ನನ್ನೇ ನಾನು ಕೇಳಿಕೊಂಡಿರಲಿಲ್ಲ.

ಆ ವರ್ಷ ಒಂದು ಡಬ್ಬಿ ಇಟ್ಟೆ. ಮನೆಯಲ್ಲಿದ್ದ ಚಪ್ಪಲಿಯ ರಟ್ಟಿನ ಡಬ್ಬಿ. ಬ್ಲೇಡಿನಿಂದ ಮುಚ್ಚಳಕ್ಕೆ ಒಂದು ಸೀಳು ಕೊಯ್ದು, ಸುತ್ತಲೂ ಕಂದು ಟೇಪು ಸುತ್ತಿ, ಲೈಬ್ರರಿ ಮೆಟ್ಟಿಲಿನ ತಿರುವಿನಲ್ಲಿ, ನೋಟಿಸ್ ಬೋರ್ಡಿನ ಕಡೆಯಿಂದ ಕಾಣದ ಜಾಗದಲ್ಲಿ ಇಟ್ಟೆ. ಹೆಸರು ಬೇಡ, ರೋಲ್ ನಂಬರ್ ಬೇಡ, ಏನು ಬೇಕಾದರೂ ಕೇಳಿ, ಯಾರು ಬರೆದರು ಎಂದು ನಾನು ಹುಡುಕುವುದಿಲ್ಲ ಎಂದು ಎಲ್ಲ ತರಗತಿಗಳಲ್ಲಿ ಹೇಳಿ ಬಂದೆ. ಕಾರ್ಯಕ್ರಮ ಮುಗಿದ ಸಂಜೆ ಡಬ್ಬಿ ಮನೆಗೆ ತಂದು, ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಸುರುವಿಕೊಂಡೆ. 63 ಚೀಟಿ.

ಡಬ್ಬಿಯೊಳಗಿನ ಪ್ರಶ್ನೆಗಳು

ಹನ್ನೊಂದು ಚೀಟಿಗಳಲ್ಲಿ ಸೊಳ್ಳೆ ಇತ್ತು. ಸೊಳ್ಳೆ ಕಚ್ಚಿದರೆ ಬರುವುದಿಲ್ಲ ಎಂದು ಬೆಳಿಗ್ಗೆಯಷ್ಟೇ ಇಡೀ ಸಭಾಂಗಣ ಉತ್ತರಿಸಿತ್ತು. ಸಂಜೆಯ ಹೊತ್ತಿಗೆ ಹನ್ನೊಂದು ಜನ ಗುಟ್ಟಾಗಿ ಅದನ್ನೇ ಕೇಳಿದ್ದರು: ‘ಖರೇನ ಬರೂದಿಲ್ಲೇನ್ರಿ?’ ಆ ‘ಖರೇನ’ ಎಂಬ ಮಾತನ್ನು ಓದಿ ಸುಮ್ಮನೆ ಕೂತೆ. ಪುಸ್ತಕದ ಉತ್ತರ ಒಂದು, ಖರೇ ಉತ್ತರ ಇನ್ನೊಂದು ಇರುತ್ತದೆ, ಮೇಡಮ್‌ಗೆ ಅದು ಗೊತ್ತಿದ್ದರೂ ವೇದಿಕೆಯ ಮೇಲೆ ಹೇಳಲಾರರು ಎಂದು ಅವರು ತಿಳಿದಿದ್ದರು. ನಾವು ಕಲಿಸಿದ ಬಹಳಷ್ಟು ಸಂಗತಿಗಳನ್ನು ಮಕ್ಕಳು ಹೀಗೇ ಇಟ್ಟುಕೊಂಡಿರುತ್ತಾರೆ, ಮನೆಗೆ ಬಂದವರಿಗೆಂದು ತೆಗೆದಿಟ್ಟ ಪಿಂಗಾಣಿ ಕಪ್ಪುಗಳ ಹಾಗೆ. ದಿನದ ಬಳಕೆಗೆ ಬೇರೆಯೇ ಲೋಟ.

ಇನ್ನಷ್ಟು ಚೀಟಿಗಳು ರಕ್ತಪರೀಕ್ಷೆಯ ಬಗ್ಗೆ. ಮಾಡಿಸಿದರೆ ಮನೆಗೆ ಫೋನ್ ಮಾಡುತ್ತಾರಾ. ಆಧಾರ್ ಕೇಳುತ್ತಾರಾ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದೇನೆ, ಒಂದೇ ಸೂಜಿಯಲ್ಲಿ ನಾಲ್ಕು ಜನಕ್ಕೆ ಹಾಕಿದ, ಈಗ ಏನು ಮಾಡಬೇಕು. ‘ಒಂದ ಸಲ ಆಗೇತ್ರಿ. ಎಷ್ಟ ದಿನಕ್ಕ ಗೊತ್ತಾಕ್ಕೈತಿ?’ ಏನು ಆಗಿದೆ ಎಂದು ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಅಣ್ಣನಿಗೆ ಇದೆ, ನನ್ನ ಮದುವೆ ನಿಲ್ಲುತ್ತದಾ ಎಂದು ಒಂದು. ಮೂರ್ನಾಲ್ಕು ಚೀಟಿಗಳಲ್ಲಿ ಒರಟುತನವೂ ಇತ್ತು: ‘ಅಂಥವ್ರನ್ನ ಗುರ್ತು ಹಿಡಿಯೂದು ಹ್ಯಾಂಗ?’, ‘ಅಂಥವ್ರನ್ನ ಹಾಸ್ಟೆಲಿನ್ಯಾಗ ಯಾಕ ಇಟ್ಕೋತಾರ?’ ಇವರೂ ಬೆಳಿಗ್ಗೆ ಬಲಗೈ ಎದೆಯ ಮಟ್ಟಕ್ಕೆ ಹಿಡಿದು ‘ತಾರತಮ್ಯ ಮಾಡುವುದಿಲ್ಲ’ ಎಂದು ಪ್ರತಿಜ್ಞೆ ಮಾಡಿದವರೇ.

ಕೊನೆಗೆ ಒಂದು ಚೀಟಿ. ನೋಟ್‌ಬುಕ್ಕಿನ ಹಾಳೆಯನ್ನು ಸ್ಕೇಲ್ ಇಟ್ಟು ನೀಟಾಗಿ ಹರಿದು, ನಾಲ್ಕು ಮಡಿಕೆ ಹಾಕಿದ್ದು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ.

‘ಮೇಡಮ್, ಅದಕ್ಕ ಗುಳಿಗಿ ಐತಿ. ಐತಿ ಅಂತ ಹೇಳ್ರಿ.’

ಆ ದಿನ ಬೆಳಿಗ್ಗೆ ಪ್ರಾಸ್ತಾವಿಕ ಮಾತಿನಲ್ಲಿ ನಾನು ಏನು ಹೇಳಿದ್ದೆ ಎಂಬುದು ತಟ್ಟನೆ ಕಿವಿಯಲ್ಲಿ ಕೇಳಿಸಿತು. ‘ಏಡ್ಸ್‌ಗೆ ಮದ್ದಿಲ್ಲ, ಎಚ್ಚರಿಕೆಯೇ ಮದ್ದು.’ ಪ್ರತಿ ವರ್ಷ ಹೇಳುತ್ತಿದ್ದ ಮಾತು. ಪ್ರಾಸ ಚೆನ್ನಾಗಿದೆ, ಭಿತ್ತಿಪತ್ರಕ್ಕೆ ಹೊಂದುತ್ತದೆ. ‘ಮದ್ದು’ ಎಂಬ ಒಂದೇ ಮಾತಿನಲ್ಲಿ ನಾನು ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದೆ. ಬುಡಸಮೇತ ಗುಣ ಮಾಡುವ ಮದ್ದು ಇಲ್ಲ. ಹತೋಟಿಯಲ್ಲಿಟ್ಟು ಮುಪ್ಪಿನವರೆಗೆ ಬಾಳಿಸುವ ಮದ್ದು ಇದೆ. ಸಕ್ಕರೆ ಕಾಯಿಲೆಗೂ ಬಿಪಿಗೂ ಇರುವುದು ಇಂಥದೇ ಮದ್ದು. ಅವುಗಳಿಗೆ ಮದ್ದಿಲ್ಲ ಎಂದು ಯಾರೂ ವೇದಿಕೆ ಏರಿ ಹೇಳುವುದಿಲ್ಲ. ಮಾತಿನ ಅರ್ಥವ್ಯತ್ಯಾಸವನ್ನು ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಈ ಒಂದು ಮಾತಿನಲ್ಲಿ ಎಡವಿದ್ದೆ. ದಿನಾ ಗುಳಿಗೆ ನುಂಗಿ, ತಲೆ ಬಾಚಿಕೊಂಡು, ಬಸ್ಸು ಹಿಡಿದು ಕಾಲೇಜಿಗೆ ಬಂದ ಒಂದು ಮಗುವಿನ ಎದುರಿಗೆ ನಿಂತು, ನಗುಮುಖದಲ್ಲಿ, ನಿನಗೆ ಉಳಿಗಾಲವಿಲ್ಲ ಎಂದು ಹೇಳಿದ್ದೆ.

ಅಕ್ಷರದ ಗುರುತು

ಯಾರು ಬರೆದರು ಎಂದು ಹುಡುಕುವುದಿಲ್ಲ ಅಂದಿದ್ದೆ. ಹುಡುಕಲಿಲ್ಲ. ಆದರೆ ನಾನು ವರ್ಷಕ್ಕೆ ನೂರಾರು ಉತ್ತರಪತ್ರಿಕೆ ತಿದ್ದುವವಳು. ಅಕ್ಷರ ಕಂಡರೆ ಮುಖ ಕಾಣುತ್ತದೆ. ‘ಳ’ದ ಬಾಲವನ್ನು ಸಾಲಿನ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತರುವ ರೀತಿ, ವಾಕ್ಯದ ಕೊನೆಯ ಚುಕ್ಕೆಯನ್ನು ಹಾಳೆ ತೂತು ಬೀಳುವ ಹಾಗೆ ಒತ್ತುವ ರೀತಿ ನನಗೆ ಗೊತ್ತಿತ್ತು. ಎರಡನೇ ವರ್ಷದ ಹುಡುಗಿ. (ಇಲ್ಲಿ ಬರೆಯುವಾಗ ಗುರುತು ಹತ್ತುವಂಥ ಎಲ್ಲವನ್ನೂ ಬದಲಿಸಿದ್ದೇನೆ, ಅಕ್ಷರದ ವಿವರವನ್ನೂ. ಹುಡುಗಿಯೋ ಹುಡುಗನೋ ಎಂಬುದನ್ನೂ ನಂಬಬೇಡಿ.)

ಹಾಗೆ ಗೊತ್ತಾದ ಗಳಿಗೆಯಿಂದ ನನ್ನ ತಲೆ ತಾನೇ ತಾನಾಗಿ ಒಂದು ಕತೆ ಕಟ್ಟತೊಡಗಿತು. ಅವಳು ಹುಟ್ಟಿದ ಇಸವಿ ಲೆಕ್ಕ ಹಾಕಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಗರ್ಭಿಣಿಯರ ರಕ್ತಪರೀಕ್ಷೆ ಮಾಡಿದರೆ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರಲ್ಲಿ ವೈರಸ್ ಕಾಣುತ್ತಿತ್ತು. ಬೆಳಗಾವಿ, ವಿಜಾಪುರದ ಕಡೆಗೂ ಅದೇ ಕತೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ಹಾಗೆ ಹುಟ್ಟಿ, ಗುಳಿಗೆಯ ಬಲದಿಂದ ಬದುಕಿ, ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ ಬಂದ ಮಕ್ಕಳು ಈಗ ಪದವಿ ತರಗತಿಗಳಲ್ಲಿ ಕೂತಿದ್ದಾರೆ. ಇದು ಲೆಕ್ಕಕ್ಕೆ ಸಿಗುವ ಮಾತು. ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬಾಳುತ್ತಿರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರೆಲ್ಲ ಎಲ್ಲೋ ದೂರದ ಲಾರಿ ನಿಲ್ದಾಣದಲ್ಲಿ ಇರುವವರಲ್ಲ. ಆದರೂ ಆರು ವರ್ಷ ನಾನು ಸಭಾಂಗಣದಲ್ಲಿ ಮಾತಾಡಿದ್ದು ಕೂತವರಿಗೆ ಯಾರಿಗೂ ಇಲ್ಲ, ಮುಂದೆ ಬರದಿರಲಿ ಎಂಬ ಧಾಟಿಯಲ್ಲೇ.

ಎರಡು ದಿನ ಆ ಕತೆಯನ್ನು ಬೆಳೆಸಿಕೊಂಡು ಓಡಾಡಿದೆ. ಅವಳು ಕ್ಲಾಸಿಗೆ ತಡವಾಗಿ ಬಂದರೆ ಅದಕ್ಕೊಂದು ಕಾರಣ ಹೊಸೆದೆ. ತೆಳ್ಳಗಿದ್ದಾಳಲ್ಲ ಅಂದುಕೊಂಡೆ. ತಿಂಗಳಿಗೊಮ್ಮೆ ರಜೆ ಕೇಳುತ್ತಿದ್ದಳೇ ಎಂದು ಹಾಜರಿ ಪುಸ್ತಕ ತಿರುವಿ ಹಾಕಿದೆ. ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ನಿಂತಾಗ ನಾನೇನು ಮಾಡುತ್ತಿದ್ದೇನೆ ಎಂಬುದು ಹೊಳೆಯಿತು. ಚೀಟಿಯಲ್ಲಿದ್ದದ್ದು ಗುಳಿಗೆ ಇದೆ ಎಂಬ ಒಂದು ಮಾಹಿತಿ ಮಾತ್ರ. ಅದು ಅವಳ ಅವ್ವನದಿರಬಹುದು, ಅಣ್ಣನದಿರಬಹುದು, ಯಾವುದೋ ಪುಸ್ತಕದಲ್ಲಿ ಓದಿದ್ದೂ ಇರಬಹುದು. ‘ಗುರ್ತು ಹಿಡಿಯೂದು ಹ್ಯಾಂಗ’ ಎಂದು ಬರೆದ ಹುಡುಗನಿಗೆ ಮನಸ್ಸಿನಲ್ಲೇ ಬೈದಿದ್ದೆನಲ್ಲ, ಅವನು ಕೇಳಿದ ಕೆಲಸವನ್ನೇ ನಾನು ಎರಡು ದಿನದಿಂದ ಮಾಡುತ್ತಿದ್ದೆ. ಆ ಸಂಜೆ ಚೀಟಿಯನ್ನು ಚೂರುಚೂರು ಮಾಡಿ ಒಲೆಗೆ ಹಾಕಿದೆ.

ಅತ್ಯಾನ ಲೋಟ

ನನ್ನ ಕಾಲದಲ್ಲಿ ನಾವು ಇದನ್ನು ಕಲಿತದ್ದು ತಲೆಬುರುಡೆಯ ಚಿತ್ರದಿಂದ. ಬುರುಡೆ, ಅದರ ಸುತ್ತ ಹಾವು, ಕೆಳಗೆ ಕೆಂಪಕ್ಷರದಲ್ಲಿ ‘ಮಹಾಮಾರಿ’. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಗ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೂರನೇ ಬಹುಮಾನ ಬಂತು. ವಿಷಯ ಇದೇ. ಒಟ್ಟಿಗೆ ಕೂತು ಉಂಡರೆ, ಕೈಕುಲುಕಿದರೆ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ ಎಂದು ನಾನೇ ನನ್ನ ಕೈಯಾರೆ ಬರೆದಿದ್ದೆ. ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿ ಹಿಡಿದುಕೊಂಡು ರಜೆಗೆ ಊರಿಗೆ ಬಂದೆ.

ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ರಕ್ತಸಂಬಂಧವಿಲ್ಲದಿದ್ದರೂ ನಾವೆಲ್ಲ ಅತ್ಯಾ ಅನ್ನುತ್ತಿದ್ದೆವು. ಗಂಡ ಲಾರಿ ಓಡಿಸುತ್ತಿದ್ದ. ಅವನು ಸತ್ತು ಆರೇಳು ತಿಂಗಳಾಗಿತ್ತು. ಊರವರು ರೋಗದ ಹೆಸರು ಹೇಳುತ್ತಿರಲಿಲ್ಲ. ‘ಆ ಜಡ್ಡು’ ಅನ್ನುತ್ತಿದ್ದರು, ಅಂದು ಅತ್ತ ಇತ್ತ ನೋಡುತ್ತಿದ್ದರು. ಒಂದು ಮಧ್ಯಾಹ್ನ ಅತ್ಯಾ ನಮ್ಮ ಮನೆಗೆ ಬಂದಳು. ಮೊದಲಾದರೆ ಸೀದಾ ಅಡುಗೆಮನೆಗೆ ಬಂದು ಅವ್ವನ ಪಕ್ಕ ಕೂತು ರೊಟ್ಟಿ ಬಡಿಯುತ್ತಿದ್ದವಳು. ಅವತ್ತು ಕಟ್ಟೆಯ ಮೇಲೆ ಕೂತಳು, ತಾನಾಗೇ. ಅವ್ವ ಮಜ್ಜಿಗೆ ಕೊಟ್ಟಳು. ಕೊಟ್ಟಿದ್ದು ಅಂಚು ನೆಗ್ಗಿದ ಒಂದು ಲೋಟದಲ್ಲಿ, ದನದ ಕೊಟ್ಟಿಗೆಯ ಗೂಡಿನಿಂದ ತಂದದ್ದು. ಅತ್ಯಾ ಲೋಟವನ್ನು ತಿರುಗಿಸಿ ಆ ನೆಗ್ಗನ್ನು ಒಂದು ಸಲ ನೋಡಿದಳು. ಬಾಯಿಗೆ ತಾಗಿಸದೆ ಎತ್ತಿ ಕುಡಿದಳು. ಎಂದೂ ಹಾಗೆ ಕುಡಿದವಳಲ್ಲ. ‘ಪರೀಕ್ಷಾ ಹ್ಯಾಂಗ ಮಾಡಿದಿವಾ’ ಎಂದು ನನ್ನನ್ನು ಕೇಳಿದಳು. ಚೆನ್ನಾಗಿ ಮಾಡಿದ್ದೇನೆ ಅತ್ಯಾ ಅಂದೆ.

ಅವಳು ಹೋದ ಮೇಲೆ ಅವ್ವ ‘ಅದನ್ನ ತೊಳದು ಇಡು’ ಅಂದಳು. ನಾನು ಕಟ್ಟೆಯ ಮೇಲಿದ್ದ ಲೋಟವನ್ನು ಮುಟ್ಟಲಿಲ್ಲ. ಒಂದು ತಂಬಿಗೆ ನೀರು ತಂದು ಎತ್ತರದಿಂದ ಸುರಿದೆ. ಲೋಟ ಉರುಳಿ ಅಂಗಳಕ್ಕೆ ಬಿತ್ತು. ಬಿಸಿಲಿನಲ್ಲಿ ಅಲ್ಲೇ ಬಿಟ್ಟು ಒಳಗೆ ಬಂದೆ. ಬಹುಮಾನದ ಡಬ್ಬಿ ಅಟ್ಟಣಿಗೆಯ ಮೇಲೆ ಹೊಳೆಯುತ್ತಿತ್ತು. ಅತ್ಯಾ ಓಣಿಯ ಆ ತುದಿ ದಾಟಿದ್ದಳೋ, ಲೋಟ ಉರುಳಿದ ಸದ್ದು ಅವಳಿಗೆ ಕೇಳಿಸಿತೋ ಗೊತ್ತಿಲ್ಲ. 2003ರ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಸರ್ಕಾರ ಉಚಿತವಾಗಿ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ ಒಂದಕ್ಕೆ, ಅದೂ ಮೊದಲಿಗೆ ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆಗಳಲ್ಲಿ. ನಮ್ಮ ಕಡೆಗೆ ಅದು ಬರುವಷ್ಟರಲ್ಲಿ ಓಣಿ ಓಣಿಗಳಲ್ಲಿ ಮನೆ ಖಾಲಿಯಾಗಿದ್ದವು.

ಈಗಲೂ ನನಗೆ ಅರ್ಥವಾಗದ ಪ್ರಶ್ನೆ ಅದೇ. ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಬಹುಮಾನವೂ ಬಂದಿತ್ತು. ಹಾಗಾದರೆ ತಂಬಿಗೆ ಎತ್ತಿದ ಕೈ ಯಾರದು?

ರೋಗದ ಜೊತೆಗೇ ನಮಗೆ ಅದರ ‘ಜನ’ವನ್ನೂ ಕಲಿಸಿದ್ದು ಒಂದು ಕಾರಣವಿರಬೇಕು. 1986ರಲ್ಲಿ ನಮ್ಮ ದೇಶದಲ್ಲಿ ಈ ವೈರಸ್ ಮೊದಲು ಪತ್ತೆಯಾದದ್ದು ಒಬ್ಬ ವಿದ್ಯಾರ್ಥಿನಿಯ ಪ್ರಬಂಧಕ್ಕಾಗಿ ನಡೆದ ಕೆಲಸದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ. ಮಾರ್ಗದರ್ಶನ ಮಾಡಿದವರು ಡಾ. ಸುನೀತಿ ಸೊಲೊಮನ್. ನಮ್ಮಲ್ಲಿ ಅದೆಲ್ಲ ಎಲ್ಲಿಯದು ಎಂದು ಎಲ್ಲರೂ ಅನ್ನುತ್ತಿದ್ದ ಕಾಲ. ನಿರ್ಮಲಾ ರಕ್ತದ ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ಮದ್ರಾಸಿನಲ್ಲಿ ಪರೀಕ್ಷೆಯ ಸೌಕರ್ಯವಿಲ್ಲದ್ದಕ್ಕೆ ವೆಲ್ಲೂರಿಗೆ ಹೊತ್ತುಕೊಂಡು ಹೋದರು. ಪ್ರತಿ ವರ್ಷ ಈ ಸಂಗತಿ ಹೇಳುವಾಗ ನನ್ನ ಮಕ್ಕಳ ಕಣ್ಣು ಅರಳುತ್ತದೆ, ನನಗೂ ಹೆಮ್ಮೆಯಾಗುತ್ತದೆ. ಆದರೆ ಆ ಮಾದರಿಗಳು ಲೈಂಗಿಕ ವೃತ್ತಿಯ ಹೆಂಗಸರವು. ಅಂದಿನಿಂದ ದೇಶದ ಕಣ್ಣಿನಲ್ಲಿ ಇದು ‘ಅಂಥ ಹೆಂಗಸರ’ ರೋಗವಾಯಿತು, ಆಮೇಲೆ ಲಾರಿಯವರದಾಯಿತು, ನಮ್ಮ ಕಡೆ ದೇವದಾಸಿಯರದಾಯಿತು. ‘ಹೇಗೆ ಹರಡುತ್ತದೆ’ ಎಂಬ ಪಾಠ ಕೇಳುವವರ ಕಿವಿಯಲ್ಲಿ ‘ಯಾರಿಗೆ ಬರುತ್ತದೆ’ ಎಂದಾಗಿ, ಕೊನೆಗೆ ‘ಏನು ಮಾಡಿರಬೇಕು ನೋಡು’ ಎಂದಾಗಿ ನಿಲ್ಲುತ್ತದೆ. ನಾಲ್ಕು ದಾರಿಗಳನ್ನು ಬಾಯಿಪಾಠ ಮಾಡಿಸಿ ನಾವು ಮಕ್ಕಳ ಕೈಗೆ ಕೊಟ್ಟದ್ದು ಒಂದು ವಿಚಾರಣೆಯ ಪಟ್ಟಿಯನ್ನು.

ರಕ್ತ ಕೊಡುವ ಸಾಲು

ಚೀಟಿಗಳಲ್ಲಿ ಪರೀಕ್ಷೆಯ ಪ್ರಶ್ನೆ ಅಷ್ಟೊಂದು ಇದ್ದದ್ದಕ್ಕೆ ಮುಂದಿನ ವಾರವೇ ಮಕ್ಕಳನ್ನು ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಸಮಾಲೋಚನೆ ಮಾಡಿ ಎಚ್‌ಐವಿ ಪರೀಕ್ಷೆ ನಡೆಸುವ ಕೇಂದ್ರಕ್ಕೆ, ಕರೆದುಕೊಂಡು ಹೋದೆ. ಮೂವತ್ತೆಂಟು ಮಂದಿ ಬಂದರು. ಆಪ್ತ ಸಮಾಲೋಚಕಿ ಬಹಳ ಒಳ್ಳೆಯ ಹೆಣ್ಣುಮಗಳು. ಪರೀಕ್ಷೆಗೆ ದುಡ್ಡಿಲ್ಲ, ಒಪ್ಪಿಗೆ ಇಲ್ಲದೆ ಯಾರ ರಕ್ತವನ್ನೂ ಪರೀಕ್ಷಿಸುವುದಿಲ್ಲ, ಮುಂಚೆಯೂ ಆಮೇಲೆಯೂ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತೇವೆ, ಫಲಿತಾಂಶ ನಿಮಗೆ ಬಿಟ್ಟು ಮನೆಯವರಿಗಾಗಲಿ ಕಾಲೇಜಿಗಾಗಲಿ ಹೇಳುವಂತಿಲ್ಲ ಎಂದು ವಿವರಿಸಿದರು. 2017ರ ಕಾಯ್ದೆಯ ಮಾತೂ ಬಂತು: ಎಚ್‌ಐವಿ ಇದೆ ಎಂಬ ಕಾರಣಕ್ಕೆ ಶಾಲೆ ಕಾಲೇಜಿನಿಂದ, ಕೆಲಸದಿಂದ, ಬಾಡಿಗೆ ಮನೆಯಿಂದ ಹೊರಗಿಡುವುದು ಕಾನೂನಿಗೆ ವಿರುದ್ಧ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಮಕ್ಕಳು ನೋಟ್ಸ್ ಬರೆದುಕೊಂಡರು. ಇಷ್ಟವಿದ್ದವರು ಈಗಲೇ ಪರೀಕ್ಷೆ ಮಾಡಿಸಿಕೊಳ್ಳಬಹುದು ಅಂದಾಗ ಮೂವತ್ತೆಂಟು ತಲೆಗಳೂ ಕೆಳಗಾದವು. ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಹುಡುಗ ನನಗೆ ಹೇಳಿದ: ‘ಒಳಗ ಹೋದ್ರ ಏನೋ ಮಾಡ್ಯಾನ ಅಂತಾರ್ರಿ ಮೇಡಮ್. ರಿಸಲ್ಟ್ ಏನ ಬರ್ಲಿ, ಹೋಗಿದ್ದಷ್ಟ ಸಾಕು.’

ಇದೇ ಹುಡುಗ ಎರಡು ತಿಂಗಳ ಹಿಂದೆ, ಅಕ್ಟೋಬರಿನ ರಕ್ತದಾನ ಶಿಬಿರದಲ್ಲಿ ಸಾಲಿನ ಮೊದಲಿಗನಾಗಿ ನಿಂತಿದ್ದ. ಬಾಳೆಹಣ್ಣು, ಬಿಸ್ಕಿಟ್ಟು, ಪ್ರಮಾಣಪತ್ರ, ತೋಳಿನ ಪಟ್ಟಿ ತೋರಿಸಿ ಸೆಲ್ಫಿ. ಆ ರಕ್ತವೂ ಎಚ್‌ಐವಿ ಪರೀಕ್ಷೆಗೆ ಹೋಗುತ್ತದೆ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಕ್ಕೂ ಹೋಗುತ್ತದೆ. ಅದೇ ತೋಳು, ಅದೇ ರಕ್ತ. ಕೊಡುವಾಗ ಪುಣ್ಯ, ತಿಳಿಯಲು ಹೋದರೆ ಪಾಪ. ಇನ್ನೂ ಆತಂಕದ ಮಾತೊಂದಿದೆ. ಒಂದಿಬ್ಬರು ಶಿಬಿರಕ್ಕೆ ಬರುವುದೇ ಗುಟ್ಟಾಗಿ ಪರೀಕ್ಷೆಯಾಗಲಿ ಎಂದು. ಇದು ತಪ್ಪು ಎಂದು ಈಗ ಎಲ್ಲೆಡೆ ಹೇಳುತ್ತೇನೆ. ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗದೆ ಹೋಗಬಹುದು, ಸಂಶಯವಿರುವವರು ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು. ಆ ನಡುವೆ ಕೊಟ್ಟ ರಕ್ತ ಯಾವುದೋ ಬಾಣಂತಿಯ ಮೈಗೆ ಹೋಗಬಹುದು. ತಿಳಿದುಕೊಳ್ಳುವ ದಾರಿಗೆ ನಾವು ಇಷ್ಟೊಂದು ನಾಚಿಕೆ ಸುರಿದಿರುವುದರಿಂದಲೇ ಒಳ್ಳೆಯ ಹುಡುಗರು ಅಡ್ಡದಾರಿಯಲ್ಲಿ ನಡೆಯುತ್ತಾರೆ.

ಕಾಂಡೋಮಿನ ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳಲು ಹೆಚ್ಚಿಲ್ಲ. ಸಮಾಲೋಚಕಿ ಬಳಸುವ ವಿಧಾನ ತೋರಿಸಲು ಮರದ ಮಾದರಿ ತರುತ್ತೇನೆ ಅಂದಾಗ, ನಮ್ಮಲ್ಲಿ ಮೇಲಿನವರು ‘ಅದೊಂದು ಬ್ಯಾಡ್ರಿ, ಉಳಿದದ್ದೆಲ್ಲಾ ಹೇಳ್ರಿ’ ಅಂದರು. ನಾನು ವಾದ ಮಾಡಬೇಕಿತ್ತು, ಮಾಡಲಿಲ್ಲ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಬಂದು ಹಲವು ರಾಜ್ಯಗಳು ನಿಲ್ಲಿಸಿದಾಗ ಕರ್ನಾಟಕವೂ ನಿಲ್ಲಿಸಿತ್ತು. ಆಗ ಶಾಲೆಯಲ್ಲಿ ಹೇಳದೆ ಬಿಟ್ಟದ್ದನ್ನು ಕಾಲೇಜಿನಲ್ಲೂ ಬಿಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಕುರಿತ ಸಮಗ್ರ ತಿಳಿವಳಿಕೆ ಇದ್ದ ಹೆಂಗಸರು ನೂರಕ್ಕೆ 21.6, ಗಂಡಸರು 30.7. ಸಮಗ್ರ ಅಂದರೆ ದೊಡ್ಡ ವಿದ್ಯೆಯಲ್ಲ. ಕಾಂಡೋಮ್ ತಡೆಯುತ್ತದೆ, ಒಬ್ಬರಿಗೊಬ್ಬರು ನಿಷ್ಠೆಯಿಂದಿದ್ದರೆ ಅಪಾಯ ಕಡಿಮೆ, ನೋಡಲು ಗಟ್ಟಿಮುಟ್ಟಾಗಿರುವವರಲ್ಲೂ ವೈರಸ್ ಇರಬಹುದು ಎಂದು ಗೊತ್ತಿರುವುದು, ಎರಡು ಮೂಢನಂಬಿಕೆಗಳನ್ನು ನಂಬದಿರುವುದು. ಅಷ್ಟೇ. ಮೂವತ್ತು ವರ್ಷಗಳ ಜಾಥಾದ ಮೇಲೆ ಇಷ್ಟು.

ಕುಸುರೆಳ್ಳು

ಸಂಕ್ರಾಂತಿಯ ಮರುದಿನ ಮಕ್ಕಳು ಸ್ಟಾಫ್ ರೂಮಿಗೆ ಕುಸುರೆಳ್ಳು ತಂದರು. ನಮ್ಮ ಕಡೆ ಹಬ್ಬವೆಂದರೆ ಅದೇ ಸಂಭ್ರಮ. ಮನೆಯಲ್ಲೇ ಸಕ್ಕರೆ ಪಾಕ ಹನಿಸುತ್ತಾ ಹದವಾದ ಬಿಸಿಯಲ್ಲಿ ಬೆರಳಾಡಿಸಿ ಆಡಿಸಿ, ಎಳ್ಳಿನ ಮೇಲೆ ಮುಳ್ಳು ಏಳುವಂತೆ ಮಾಡುವ ಕೆಲಸ ತಾಳ್ಮೆಯದು. ಒಬ್ಬೊಬ್ಬರಾಗಿ ಬಂದು ‘ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ ಮೇಡಮ್’ ಎಂದು ಅಂಗೈಗೆ ಹಾಕಿ ನಮಸ್ಕಾರ ಮಾಡುತ್ತಿದ್ದರು. ಅವಳೂ ಬಂದಳು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಿಂದ ಮೂರು ಬೆರಳಿನಲ್ಲಿ ಕುಸುರೆಳ್ಳು ತೆಗೆದಳು. ಬಿಳಿಯದು, ನಡುವೆ ಒಂದೆರಡು ಗುಲಾಬಿ ಕಾಳು. ಬೆರಳ ತುದಿಗೆ ಪಾಕದ ಬಿಸಿ ತಾಗಿ ಕೆಂಪಾದ ಗುರುತಿತ್ತು. ಅವಳೇ ಮಾಡಿದ್ದಿರಬೇಕು.

ನನ್ನ ಕೈ ಚಾಚಿತು. ಚಾಚುವ ಮುಂಚೆ ಒಂದು ತಡೆ ಬಂತು. ರೆಪ್ಪೆ ಹೊಡೆಯುವಷ್ಟು ಹೊತ್ತು, ಅಷ್ಟೇ. ಬೇರೆ ಯಾರೂ ಗಮನಿಸಿರಲಾರರು. ನನಗೆ ಮಾತ್ರ ಗೊತ್ತು ಅದು ಬಂತು ಎಂದು, ಅದು ಎಲ್ಲಿಂದ ಬಂತು ಎಂದೂ ಗೊತ್ತು. ನೆಗ್ಗಿದ ಲೋಟದ ಮೇಲೆ ತಂಬಿಗೆ ಎತ್ತಿದ್ದ ಕೈ ಇಪ್ಪತ್ತು ವರ್ಷ ಸುಮ್ಮನಿದ್ದು ಎದ್ದು ಬಂದಿತ್ತು. ಅವಳ ಮೈಯಲ್ಲಿ ಏನಿದೆಯೋ ಏನಿಲ್ಲವೋ ನನಗೆ ತಿಳಿಯದು. ತಿಂಡಿಯಿಂದ ಬರುವುದಿಲ್ಲ ಎಂಬುದು ನನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತು. ಗುಳಿಗೆಯನ್ನು ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ ಎಂದೂ ಆ ತಿಂಗಳು ಓದಿಕೊಂಡಿದ್ದೆ. ಯುರೋಪಿನ 14 ದೇಶಗಳಲ್ಲಿ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ದಾಟಿದ್ದು ಸೊನ್ನೆ. ಸೊನ್ನೆ ಎಂಬುದನ್ನು ಕೆಂಪು ಪೆನ್ನಿನಿಂದ ಸುತ್ತಿಟ್ಟಿದ್ದೆ. ತಲೆಯಲ್ಲಿ ಇಷ್ಟೆಲ್ಲ ಇತ್ತು. ಕೈಗೆ ಇದ್ಯಾವುದೂ ಇನ್ನೂ ಇಳಿದಿರಲಿಲ್ಲ.

ಕುಸುರೆಳ್ಳು ಬಾಯಿಗೆ ಹಾಕಿಕೊಂಡೆ. ಮುಳ್ಳು ನಾಲಿಗೆಗೆ ಚುಚ್ಚಿ ಕರಗಿತು. ಇನ್ನೊಂದಿಷ್ಟು ಹಾಕವಾ ಅಂದೆ. ಅವಳು ನಕ್ಕು ಡಬ್ಬಿಯನ್ನೇ ನನ್ನ ಮೇಜಿನ ಮೇಲೆ ಬಗ್ಗಿಸಿದಳು.

ಆ ಬೇಸಿಗೆಯಲ್ಲಿ ಮುಂದಿನ ಡಿಸೆಂಬರಿಗೆಂದು ಬರೆದಿಟ್ಟಿದ್ದ ಭಾಷಣವನ್ನು ಹರಿದು ಹೊಸದಾಗಿ ಬರೆದೆ. ‘ಮಹಾಮಾರಿ’ ತೆಗೆದೆ. ‘ಪೀಡಿತರು’ ತೆಗೆದು ‘ಎಚ್‌ಐವಿಯೊಂದಿಗೆ ಬಾಳುತ್ತಿರುವವರು’ ಎಂದು ಬರೆದೆ. ಉದ್ದವಾಗುತ್ತದೆ, ಆಗಲಿ, ಅದರಲ್ಲಿ ಬಾಳು ಇದೆ. ಭಾಷಣ ಶುರುವಾಗುವುದೇ ಗುಳಿಗೆಯಿಂದ: ದಿನಕ್ಕೆ ಒಂದು, ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ, ಸೋಂಕು ಗೊತ್ತಾದ ಕೂಡಲೇ ಶುರು ಮಾಡುತ್ತಾರೆ, ಮೊದಲಿನ ಹಾಗೆ ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಇಳಿಯಲಿ ಎಂದು ಕಾಯಿಸುವುದಿಲ್ಲ. ಒತ್ತಾಯಕ್ಕೆ ಸಿಕ್ಕಿದ್ದರೆ, ಕಾಂಡೋಮ್ ಹರಿದಿದ್ದರೆ, ಸೂಜಿ ಚುಚ್ಚಿಕೊಂಡಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿ, ಆದಷ್ಟೂ ಬೇಗ ಮುಟ್ಟಿ; ಸೋಂಕು ತಗಲದಂತೆ ತಡೆಯುವ 28 ದಿನದ ಗುಳಿಗೆ ಇದೆ. ‘ಒಂದ ಸಲ ಆಗೇತ್ರಿ’ ಎಂದು ಬರೆದ ಮಗುವಿಗೆ ಈ ಒಂದು ಮಾತು ಅಂದು ಗೊತ್ತಿದ್ದಿದ್ದರೆ ಎಂದು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಮೂರು ದಿನ ಸಮಯವಿತ್ತು. ಆರು ವರ್ಷದಲ್ಲಿ ಅದನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.

ಈ ಸಲ ಡಿಸೆಂಬರ್ ಒಂದಕ್ಕೆ ರಸಪ್ರಶ್ನೆ ಇಡಲಿಲ್ಲ. ಸಮಾಲೋಚಕಿಗೆ ಆ ಗುಳಿಗೆಯ ಒಂದು ಖಾಲಿ ಡಬ್ಬಿ ತರಲು ಹೇಳಿದ್ದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಪುಟ್ಟ ಪೊಟ್ಟಣ ಒಂದೇ ಉಳಿದಿತ್ತು. ಅದರ ಲೇಬಲನ್ನು ಜನ ಉಗುರಿನಿಂದ ಕೆರೆದು ತೆಗೆಯುತ್ತಾರಂತೆ, ಅಲುಗಾಡಿದರೆ ಸದ್ದಾಗಬಾರದೆಂದು ಹತ್ತಿ ತುರುಕುತ್ತಾರಂತೆ, ಕೇಳಿದವರಿಗೆ ಥೈರಾಯ್ಡ್ ಗುಳಿಗೆ ಅನ್ನುತ್ತಾರಂತೆ. ಇದನ್ನೆಲ್ಲ ಹೇಳಿ ಸಮಾಲೋಚಕಿ ಡಬ್ಬಿಯನ್ನು ಮೊದಲ ಸಾಲಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಗತೊಡಗಿತು. ಒಬ್ಬಳು ದುಪಟ್ಟಾದ ತುದಿಯಿಂದ ಹಿಡಿದು ಪಕ್ಕದವಳಿಗೆ ದಾಟಿಸಿದಳು. ಒಬ್ಬ ಹುಡುಗ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಇನ್ನೊಬ್ಬ ಮುಚ್ಚಳ ತೆಗೆದು ಮೂಸಿ ನೋಡಿದ. ನಾನು ಬಾಗಿಲ ಬಳಿ ನಿಂತು ಡಬ್ಬಿ ಹೋಗುವ ದಾರಿಯನ್ನೇ ನೋಡುತ್ತಿದ್ದೆ.

ಐದನೇ ಸಾಲಿನಲ್ಲಿ ಅದು ಅವಳ ಕೈಗೆ ಬಂತು. ತಿರುಗಿಸಿ ಲೇಬಲ್ ಓದಿದಳು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಆ ಬಾಯಿ ತಿರುಗದ ಹೆಸರುಗಳನ್ನು ತುಟಿ ಅಲ್ಲಾಡಿಸಿ ಓದುತ್ತಿದ್ದದ್ದು ನನಗೆ ಕಂಡಿತು. ಪಕ್ಕದ ಹುಡುಗಿ ಬಗ್ಗಿ ಕೇಳಿದಳು:

‘ದಿನಾ ಎಷ್ಟ ತೊಗೋಬೇಕಂತ ಬರದಾರ?’

‘ಒಂದ,’ ಅಂದಳು. ಅಂದು ಡಬ್ಬಿಯನ್ನು ಅವಳ ಅಂಗೈಯಲ್ಲಿಟ್ಟಳು.